ಹೊಗಳಬಾರದ ಮಗು

ಪೋರ್ಟ್ ಸಯೀದ್
19 ಅಕ್ಟೋಬರ್ 1983

ತಂಗಿ ಇನ್ಸಾಫ್,

ಕಿನಾದಲ್ಲಿ ರೈಲು ಹತ್ತಿ, ಕೈರೋದಲ್ಲಿ ಇಳಿದು ಇನ್ನೊಂದು ಹತ್ತಿ, ಅಂತೂ ಮನೆ ಮುಟ್ಟಿದೆ. ಕೈಕಾಲು ನೆಟ್ಟಗಿವೆ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು, ಇನ್ನು ಜಗಳಕ್ಕೆ ಬರುತ್ತೇನೆ.

ಒಡಹುಟ್ಟಿದ ಅಕ್ಕನನ್ನು ಬೆಳಗಿನ ಚಹಾಕ್ಕೂ ಕೂರಿಸದೆ ಕತ್ತೆಗಾಡಿ ಹತ್ತಿಸಿ ಸ್ಟೇಷನ್ನಿಗೆ ಅಟ್ಟಿದೆಯಲ್ಲ, ನಾನು ಮಾಡಿದ ತಪ್ಪಾದರೂ ಏನು? ಮಗುವಿನ ಏಳನೆಯ ದಿನದ ಶಾಸ್ತ್ರಕ್ಕೆ ಬಾ ಎಂದವಳು ನೀನೇ. ಅವನನ್ನು ಜರಡಿಯಲ್ಲಿ ಮಲಗಿಸಿ, ಉಪ್ಪು ಎರಚಿ, ನಿನ್ನ ಅತ್ತೆ ಹಜ್ಜಾ ಸಕೀನಾ ಅವನ ಕಿವಿಯ ಪಕ್ಕದಲ್ಲೇ ಹಿತ್ತಾಳೆಯ ಕುಟ್ಟಾಣಿ ಬಡಿದರು. "ಅಮ್ಮನ್ ಮಾತು ಕೇಳು! ಅಪ್ಪನ್ ಮಾತು ಕೇಳ್ಬೇಡ!" ಎಂದು ಹೆಂಗಸರೆಲ್ಲ ಕೂಗಿದರು. ಆ ಬಡಿತಕ್ಕೆ ನನ್ನ ಹಲ್ಲೇ ಜುಮ್ಮೆಂದವು. ಮಗು ಮಾತ್ರ ರೆಪ್ಪೆ ಅಲುಗಿಸಲಿಲ್ಲ. ಸಂತೋಷದಲ್ಲಿ ಬಾಯಿಗೆ ಬಂದದ್ದು ಆಡಿಬಿಟ್ಟೆ: "ಅಬ್ಬಾ, ಎಂಥಾ ಗಂಡೆದೆ ನೋಡ್ರೇ ಇವಂದು! ಒಂಚೂರೂ ಬೆಚ್ಚಲಿಲ್ಲ!"

ಅಷ್ಟೇ. ಹಜ್ಜಾ ಉಳಿದ ಉಪ್ಪನ್ನೆಲ್ಲ ನನ್ನ ಮುಖಕ್ಕೆ ಎರಚಿದರು. ನೀನು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಿನ್ನ ಮನಸ್ಸಿನಲ್ಲಿ ಇರುವುದು ನನಗೆ ಗೊತ್ತು. ನಿನ್ನ ನವ್ವಾರಾಳನ್ನು ನಾನು ಬಂದು ನೋಡಿದೆ, "ಏನು ಚೆಂದದ ಕಣ್ಣು" ಅಂದೆ, ನಾನು ಹೋದ ನಾಲ್ಕನೆಯ ದಿನ ಅವಳು ವಾಂತಿಭೇದಿಯಲ್ಲಿ ತೀರಿಕೊಂಡಳು. ಇನ್ಸಾಫ್, ನಾನು ತಾಯಿ-ಮಕ್ಕಳ ಕೇಂದ್ರದಲ್ಲಿ ಹದಿನೈದು ವರ್ಷದಿಂದ ನರ್ಸು. ಬೇಸಿಗೆಯಲ್ಲಿ ಅಂಥ ಮಕ್ಕಳು ದಿನಕ್ಕೆ ಹತ್ತು ಬರುತ್ತವೆ. ಅವರೆಲ್ಲರ ಮನೆಗೂ ನಾನೇ ಹೋಗಿ ಕಣ್ಣು ಹಾಕಿ ಬಂದೆನೇ? ಮದುವೆಯಾಗಿ ಹನ್ನೊಂದು ವರ್ಷವಾದರೂ ಮಡಿಲು ತುಂಬದವಳು ಎಂದ ಮಾತ್ರಕ್ಕೆ ನನ್ನ ಕಣ್ಣಿನಲ್ಲಿ ವಿಷ ಇದೆಯೇ?

ಎರಡು ಮಕ್ಕಳನ್ನು ಕಳೆದುಕೊಂಡ ಮೇಲೆ, ಈ ಸಲ ದೃಷ್ಟಿ ತಾಗದಿರಲಿ ಎಂದು ಶಹಾತ, ತಿರುಕ, ಎಂದು ಹೆಸರಿಟ್ಟಿರಿ. ಏಳು ಮನೆ ಬೇಡಿದ ಹಳೆ ಬಟ್ಟೆ ಉಡಿಸಿದಿರಿ. ಒಳ್ಳೆಯದೇ ಮಾಡಿದಿರಿ, ತಿರುಕನ ಮೇಲೆ ಯಾರು ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಅವನು ಹೇಗಿದ್ದಾನೆ ಎಂದು ಒಂದು ಗೆರೆ ಬರೆ.

ಉಪ್ಪು ಇನ್ನೂ ಕೂದಲಲ್ಲಿರುವ,
ನಿನ್ನ ಅಕ್ಕ ರೌಹಿಯಾ


ನಗ್ ಹಲ್ಫಾಯ, ಕಿನಾ
24 ಫೆಬ್ರವರಿ 1984

ರೌಹಿಯಾ ಅಕ್ಕನಿಗೆ,

ಬದುಕಿದ್ದೇವೆ. ನಿನ್ನ ಪತ್ರವನ್ನು ಒಲೆಗೆ ಹಾಕು ಎಂದು ಹಜ್ಜಾ ಹೇಳಿದರು. ಓದಿ ಹಾಕಿದೆ.

ಮಗುವಿನ ವಿಷಯ ಕೇಳಿದ್ದೀಯ. ಬರೆಯಲು ಏನಿದೆ? ಬಾಣಲೆಯ ತಳದ ಹಾಗೆ ಕಪ್ಪು. ತಲೆಯ ಮೇಲೆ ನಾಲ್ಕೇ ನಾಲ್ಕು ಕೂದಲು. ಯಾರು ಮುಖ ತೋರಿಸಿದರೂ ಬೊಚ್ಚುಬಾಯಿ ತೆರೆದು ನಗುತ್ತಾನೆ, ಮಾನ ಮರ್ಯಾದೆ ಇಲ್ಲ. ಒಬ್ಬನೇ ಮಲಗಿದ್ದರೆ ಮುದುಕನ ಹಾಗೆ ಊಂ ಆಂ ಎಂದು ಗೊಣಗುತ್ತಾನೆ. ಇಂಥವನನ್ನು ನೋಡಲು ಯಾರೂ ಅಷ್ಟು ದೂರದಿಂದ ಬರಬೇಕಾಗಿಲ್ಲ.

ನಮ್ಮ ಯಜಮಾನರು ಬಸ್ತಾವಿ ಕಬ್ಬಿನ ತೂಕದ ಕೆಲಸಕ್ಕೆ ಹೋಗುತ್ತಿದ್ದಾರೆ. ಬಾವನಿಗೆ ಸಲಾಮು ತಿಳಿಸು.

ಉಮ್ ಶಹಾತ


ಪೋರ್ಟ್ ಸಯೀದ್
11 ಮಾರ್ಚ್ 1984

ಇನ್ಸಾಫ್,

ಉಮ್ ಶಹಾತ ಅಂತೆ, ಶಹಾತನ ತಾಯಿಯಂತೆ! ನಿನ್ನ ಮೂಗು ಒರೆಸಿದ ಅಕ್ಕನಿಗೂ ಪದವಿ ತೋರಿಸುತ್ತೀಯ? ಆಗಲಿ ತಾಯಿ.

ನಿನ್ನ ಪತ್ರ ಓದಿ ಎಷ್ಟು ದಿನದ ಮೇಲೆ ನಕ್ಕೆ. ನಮ್ಮಮ್ಮ ನಿನ್ನನ್ನು ಹತ್ತು ವರ್ಷದ ತನಕ "ಗೂಬೆ" ಎಂದೇ ಕರೆದಳು. ಮನೆಗೆ ಬಂದವರಿಗೆಲ್ಲ "ಇದಕ್ಕೆ ಬುದ್ಧಿ ಕಮ್ಮಿ ಕಣ್ರೇ, ಯಾರ್ ಕಟ್ಕೋತಾರೋ" ಎಂದು ಗೋಳಾಡುತ್ತಿದ್ದಳು. ಅವರು ಆಚೆ ಹೋದ ಮೇಲೆ ನಿನ್ನ ಕೆನ್ನೆ ಕಚ್ಚುತ್ತಿದ್ದಳು. ನೀನು ಅದೇ ತಾಯಿಯ ಮಗಳು. ನಿನ್ನ ಬೈಗುಳವನ್ನು ತಿರುವಿ ಹಾಕಿ ಓದುವುದು ನನಗೆ ಗೊತ್ತು. ಎಲ್ಲರನ್ನೂ ನೋಡಿ ನಗುತ್ತಾನೆ, ತನ್ನಷ್ಟಕ್ಕೆ ದನಿ ಮಾಡುತ್ತಾನೆ ಎಂದರೆ ನಾಲ್ಕು ತಿಂಗಳ ಮಗು ಮಾಡಬೇಕಾದದ್ದನ್ನೆಲ್ಲ ಮಾಡುತ್ತಿದ್ದಾನೆ. ಬೈಯುತ್ತಿರು, ನನಗೆ ಸಮಾಧಾನ.

ಜೊತೆಗೆ ಒಂದು ಉಣ್ಣೆ ಟೊಪ್ಪಿಗೆ ಕಳಿಸಿದ್ದೇನೆ. ಬೂದಿ ಬಣ್ಣ, ಅಂಚಿಗೆ ಸಾಸಿವೆ ಬಣ್ಣ. ಯಾರ ಕಣ್ಣೂ ಬೀಳದಿರಲಿ ಎಂದು ಬೇಕಂತಲೇ ಸೊಟ್ಟಗೆ ಹೆಣೆದಿದ್ದೇನೆ.

ನಿನ್ನ ಅಕ್ಕ ರೌಹಿಯಾ


ನಗ್ ಹಲ್ಫಾಯ
20 ಮೇ 1984

ರೌಹಿಯಾ ಅಕ್ಕನಿಗೆ,

ಟೊಪ್ಪಿಗೆ ಬಂತು. ಅದು ಬಂದ ಮರುದಿನ ಅವನಿಗೆ ಜ್ವರವೂ ಬಂತು. ಹಜ್ಜಾ ಪಟಿಕವನ್ನು ಅವನ ತಲೆಗೆ ಏಳು ಸಲ ನಿವಾಳಿಸಿ ಕೆಂಡಕ್ಕೆ ಹಾಕಿದರು. ಪಟಿಕ ಉಬ್ಬಿ ಯಾರ ಆಕಾರ ತಾಳುತ್ತದೋ ಅವರದೇ ದೃಷ್ಟಿ ಎಂಬುದು ನಿನಗೆ ಗೊತ್ತಲ್ಲ. ಈ ಸಲ ಅದು ಹೆಂಗಸಿನ ತಲೆಯ ಹಾಗೆ ಉಬ್ಬಿತು, ಕಣ್ಣಿನ ಜಾಗದಲ್ಲಿ ಎರಡು ಗುಂಡು ಗುಂಡು ಗುಳ್ಳೆ. "ನೋಡು, ಕನ್ನಡ್ಕ!" ಅಂದರು ಹಜ್ಜಾ. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಟೊಪ್ಪಿಗೆ ಈಗ ಕಾಳಿನ ಹೊಲದಲ್ಲಿ ಬೆದರುಬೊಂಬೆಯ ತಲೆಯ ಮೇಲಿದೆ.

ಅವನು ಹೇಗಿದ್ದಾನೆ ಎಂದರೆ ಹೊಟ್ಟಿನ ಮೂಟೆ. ಕೂರಿಸಿದಲ್ಲಿ ಕೂರುತ್ತಾನೆ. ಗೋಡೆಯ ಹಿಂದೆಯೇ ಕಬ್ಬಿನ ರೈಲು ಸಿಳ್ಳು ಹಾಕಿಕೊಂಡು ಹೋಗುತ್ತದೆ, ಪಕ್ಕದ ಮನೆಯ ಮಕ್ಕಳೆಲ್ಲ ಎದ್ದು ಚೀರುತ್ತವೆ, ಇವನು ಗೊರಕೆ ಹೊಡೆಯುತ್ತಾನೆ. ಶಹಾತ, ಶಹಾತ ಎಂದು ಗಂಟಲು ಹರಿದುಕೊಂಡರೂ ತಿರುಗಿ ನೋಡುವುದಿಲ್ಲ, ನವಾಬ. ಎದುರಿಗೆ ಬಂದರೆ ಮಾತ್ರ ಎತ್ತಿಕೋ ಎಂದು ಎರಡು ಕೈ ಚಾಚುತ್ತಾನೆ. ದಡ್ಡ, ಕುರೂಪಿ, ಯಾರಿಗೂ ಬೇಡದವನು.

ಉಮ್ ಶಹಾತ


ಪೋರ್ಟ್ ಸಯೀದ್
6 ಜೂನ್ 1984

ಇನ್ಸಾಫ್,

ಉಪವಾಸದ ತಿಂಗಳು, ಸಿಟ್ಟು ಮಾಡಬಾರದು. ಆದ್ದರಿಂದ ಸಿಟ್ಟಿಲ್ಲದೆ ಕೇಳುತ್ತೇನೆ: ನಿಮ್ಮೂರಿನಲ್ಲಿ ಕನ್ನಡಕ ಹಾಕುವವಳು ನಾನೊಬ್ಬಳೇ? ನಿಮ್ಮ ಅಂಚೆ ಮಾಸ್ತರರೂ ಹಾಕುತ್ತಾರೆ, ಅವರ ಮೇಲೂ ಒಂದು ಆಪಾದನೆ ಹೊರಿಸಿ. ಹಜ್ಜಾಗೆ ಹೇಳು, ಮುಂದಿನ ಸಲ ಪಟಿಕ ಉಬ್ಬಿದಾಗ ನನ್ನ ಮೂಗಿನ ಮೇಲಿನ ಮಚ್ಚೆಯನ್ನೂ ಹುಡುಕಲಿ.

ಹೊಟ್ಟಿನ ಮೂಟೆಗೆ ದೇವರು ನೂರು ವರ್ಷ ಕೊಡಲಿ. ರೈಲಿನ ಸಿಳ್ಳಿಗೂ ಏಳುವುದಿಲ್ಲವಂತೆ! ಅಂಥ ನಿದ್ದೆಗೆ ನಮ್ಮ ಕೇಂದ್ರದ ತಾಯಂದಿರು ಹರಕೆ ಹೊರುತ್ತಾರೆ. ನೀನು ಇಷ್ಟು ಜೋರಾಗಿ ಬೈದಿದ್ದೀಯ ಎಂದರೆ ಹುಡುಗ ಬೆಳದಿಂಗಳ ಹಾಗಿರಬೇಕು. ಹೀಗೇ ಬೈಯುತ್ತಿರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನೀನು ಮುದ್ದನ್ನೇ ಹೆಗ್ಗಣ ಎನ್ನುತ್ತೀಯ.

ಟೊಪ್ಪಿಗೆಯ ವಿಷಯಕ್ಕೆ ಮನಸ್ಸು ನೊಂದಿತು. ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ಅಕ್ಕ ರೌಹಿಯಾ


ನಗ್ ಹಲ್ಫಾಯ
8 ಡಿಸೆಂಬರ್ 1984

ಪ್ರೀತಿಯ ರೌಹಿಯಾ ಅಕ್ಕ,

ನೀನು ಕಳಿಸಿದ ಮೂರು ಕಾರ್ಡುಗಳೂ ಬಂದವು. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ, ತಪ್ಪು ತಿಳಿಯಬೇಡ. ಜನವರಿಯಲ್ಲಿ ರಜೆ ಹಾಕಿ ಬರುತ್ತೇನೆ ಎಂದಿದ್ದೀಯ. ಖಂಡಿತ ಬೇಡ ಅಕ್ಕ. ಚಳಿ, ದೂರದ ದಾರಿ, ಖರ್ಚು. ನೀನು ಚಿಂತೆ ಮಾಡುವಂಥದ್ದು ಇಲ್ಲಿ ಏನೂ ಇಲ್ಲ.

ಶಹಾತ ಬಹಳ ಚುರುಕಾಗಿದ್ದಾನೆ. ಹದಿನಾಲ್ಕು ತಿಂಗಳಿಗೆ ನಡೆಯುತ್ತಾನೆ. ಮಾತಂತೂ ಕೇಳಲೇಬೇಡ. ಅಮ್ಮ, ಅಪ್ಪ, ಅಜ್ಜಿ ಎಲ್ಲ ಅನ್ನುತ್ತಾನೆ. ರೇಡಿಯೋದಲ್ಲಿ ಹಾಡು ಬಂದರೆ ಜೊತೆಗೆ ಹಾಡುತ್ತಾನೆ. ಮಸೀದಿಯಿಂದ ಬಾಂಗು ಕೇಳಿದರೆ ಅಲ್ಲಾಹು ಅಕ್ಬರ್ ಎನ್ನುತ್ತಾನೆ. ಇಂಥ ಜಾಣ ಮಗು ಇಡೀ ಊರಿನಲ್ಲೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ನೋಡಲೂ ಬೆಣ್ಣೆಯ ಹಾಗಿದ್ದಾನೆ.

ನೀನು ನೆಮ್ಮದಿಯಾಗಿರು.

ನಿನ್ನ ಪ್ರೀತಿಯ ತಂಗಿ
ಇನ್ಸಾಫ್


ಪೋರ್ಟ್ ಸಯೀದ್
2 ಜನವರಿ 1985

ಇನ್ಸಾಫ್,

ನಿನ್ನ ಪತ್ರವನ್ನು ಮೂರು ಸಲ ಓದಿದೆ.

ಏನಾಗಿದೆ ಮಗುವಿಗೆ?

ನಮ್ಮಲ್ಲಿ ಯಾವ ತಾಯಿ ಹೀಗೆ ಬರೆಯುತ್ತಾಳೆ? ಅದರಲ್ಲೂ ನೀನು! ಎರಡು ಮಕ್ಕಳನ್ನು ಮಣ್ಣಿಗಿಟ್ಟು, ಮೂರನೆಯವನಿಗೆ ತಿರುಕ ಎಂದು ಹೆಸರಿಟ್ಟು, ನನ್ನ ಟೊಪ್ಪಿಗೆಯನ್ನು ಬೆದರುಬೊಂಬೆಗೆ ತೊಡಿಸಿದವಳು ನೀನು. ಅಂಥವಳು ಬೆಣ್ಣೆಯ ಹಾಗೆ, ಊರಿಗೇ ಜಾಣ ಎಂದು ನನಗೆ ಬರೆಯುತ್ತೀಯ? ನನಗೆ, ನಿನ್ನ ಪಟಿಕದಲ್ಲಿ ಮೂಡಿದ ಕನ್ನಡಕದವಳಿಗೆ? ಇನ್ನು ದೃಷ್ಟಿ ತಾಗುವಂಥದ್ದು ಅವನಲ್ಲಿ ಏನೂ ಉಳಿದಿಲ್ಲ ಎನ್ನಿಸಿದರೆ ಮಾತ್ರ ನೀನು ಹೀಗೆ ಬರೆಯಬಲ್ಲೆ. ಹದಿನಾಲ್ಕು ತಿಂಗಳ ಮಗು ರೇಡಿಯೋ ಜೊತೆ ಹಾಡುವುದನ್ನು ಹದಿನೈದು ವರ್ಷದಲ್ಲಿ ನಾನಂತೂ ಕಂಡಿಲ್ಲ.

ಹಳೆಯ ಪತ್ರಗಳನ್ನು ತೆಗೆದು ಕೂತೆ. ಮೇ ತಿಂಗಳದ್ದನ್ನು ಮತ್ತೆ ಓದಿದೆ. ರೈಲಿನ ಸಿಳ್ಳಿಗೆ ಏಳುವುದಿಲ್ಲ, ಹೆಸರು ಕೂಗಿದರೆ ತಿರುಗುವುದಿಲ್ಲ, ಎದುರಿಗೆ ಬಂದರೆ ಮಾತ್ರ ಕೈ ಚಾಚುತ್ತಾನೆ. ನೀನು ನಿಜವನ್ನೇ ಬರೆದಿದ್ದೆ. ನಾನು ಅದನ್ನು ದೃಷ್ಟಿ ತೆಗೆಯುವ ಮಾತು ಎಂದುಕೊಂಡು ನಕ್ಕೆ, ಜಾಣತನದ ಉತ್ತರವನ್ನೂ ಬರೆದೆ. ಅದಕ್ಕೂ ಮುಂಚೆ ಏಳನೆಯ ದಿನ ಕಿವಿಯ ಪಕ್ಕದಲ್ಲಿ ಕುಟ್ಟಾಣಿ ಬಡಿದಾಗ ಮಗು ಬೆಚ್ಚಲಿಲ್ಲ. ಊರ ಹೆಂಗಸರು ಗಂಡೆದೆ ಎಂದುಕೊಳ್ಳಲಿ, ನರ್ಸಾದ ನಾನು ಅನ್ನಬಹುದೇ? ನಾಚಿಕೆಯಾಗಬೇಕು ನನಗೆ. ಆಗುತ್ತಿದೆ.

ಈಗ ನಾನು ಕೇಳುವುದಕ್ಕೆ ನೇರವಾಗಿ ಉತ್ತರ ಕೊಡು. ಆಗ ಊಂ ಆಂ ಎಂದು ಗೊಣಗುತ್ತಿದ್ದನಲ್ಲ, ಆಮೇಲೆ ಬಾಬಾಬಾ ಮಾಮಾಮಾ ಎಂದನೇ, ಅಥವಾ ದನಿ ಕಮ್ಮಿಯಾಗುತ್ತಾ ಬಂತೇ? ಕಿವಿ ಕೇಳದ ಮಗುವೂ ಮೊದಮೊದಲು ದನಿ ಮಾಡುತ್ತದೆ, ತನ್ನ ದನಿ ತನಗೇ ಕೇಳಿಸದೆ ಕ್ರಮೇಣ ಸುಮ್ಮನಾಗುತ್ತದೆ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನೆಯೇ? ತೋರಿಸಿದ ಮೇಲೆ, ನೀನೂ ನೋಡಿದೆಯಾ ಎಂದು ನಿನ್ನ ಮುಖ ನೋಡುತ್ತಾನೆಯೇ? ಹೋಗುವವರಿಗೆ ಕೈ ಬೀಸುತ್ತಾನೆಯೇ? ಇವು ಇಲ್ಲದಿದ್ದರೆ ಅದು ಬುದ್ಧಿಯ ಚಿಂತೆ. ಇವು ಇದ್ದು ಮಾತು ಮಾತ್ರ ಇಲ್ಲ ಎಂದರೆ ಕಿವಿಯ ಚಿಂತೆ.

ಅವನು ಆಟದಲ್ಲಿ ಮುಳುಗಿದ್ದಾಗ ಹಿಂದೆ ನಿಂತು ತಟ್ಟೆ ಬಡಿದು ನೋಡು. ನೆರಳು ಬೀಳಬಾರದು, ನೆಲ ಅದುರಬಾರದು.

ನಿನ್ನ ಅಕ್ಕ ರೌಹಿಯಾ


ನಗ್ ಹಲ್ಫಾಯ
3 ಫೆಬ್ರವರಿ 1985

ರೌಹಿಯಾಳಿಗೆ,

ಬೈದರೆ ನಗುತ್ತೀಯ, ಹೊಗಳಿದರೆ ಅನುಮಾನ ಪಡುತ್ತೀಯ. ನಾನು ಏನು ಬರೆದರೆ ನಿನಗೆ ಸಮಾಧಾನ? ನನ್ನ ಮಗನಲ್ಲಿ ಒಂದು ಐಬು ಸಿಕ್ಕರೆ ತಾನೇ? ಹಜ್ಜಾ ಸುಮ್ಮನೆ ಹೇಳಲಿಲ್ಲ: "ಬಸಿರೇ ಕಾಣ್ದೋಳು ಬೇರೇರ ತೊಟ್ಲಲ್ಲಿ ಹುಳ ಹುಡುಕ್ತಾಳೆ."

ನನ್ನ ಮಗ ಪೆದ್ದನಲ್ಲ. ಬೆರಳು ತೋರಿಸುತ್ತಾನೆಯೇ ಎಂದು ಕೇಳುತ್ತೀಯಲ್ಲ! ನೀರು ಬೇಕೆಂದರೆ ನನ್ನ ತಲೆವಸ್ತ್ರ ಹಿಡಿದು ಹೂಜಿಯ ತನಕ ಎಳೆದುಕೊಂಡು ಹೋಗಿ ಬೊಗಸೆ ಒಡ್ಡುತ್ತಾನೆ. ಕತ್ತೆಯ ಹತ್ತಿರ ಹೋಗಬೇಕೆಂದರೆ ತಲೆಯ ಮೇಲೆ ಎರಡು ಕೈ ಇಟ್ಟು ಕಿವಿ ಮಾಡುತ್ತಾನೆ. ಅಪ್ಪ ಎಲ್ಲಿ ಎನ್ನಬೇಕಾದರೆ ಇಲ್ಲದ ಮೀಸೆ ತಿರುವುತ್ತಾನೆ. ಅಜ್ಜಿ ಬಂದರು ಎನ್ನಬೇಕಾದರೆ ಸೊಂಟ ಬಗ್ಗಿಸಿ ಕೋಲು ಊರುತ್ತಾನೆ, ಹಜ್ಜಾ ಒಬ್ಬರನ್ನು ಬಿಟ್ಟು ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತೇವೆ. ಕಬ್ಬು ಬೇಕೆಂದರೆ ಹಲ್ಲು ಕಚ್ಚಿ ಎಳೆದು ತೋರಿಸುತ್ತಾನೆ. ಕೊಕ್ಕರೆ ಹಾರಿದರೆ ಬೆರಳು ಚಾಚಿ ನನ್ನ ಮುಖ ನೋಡುತ್ತಾನೆ, ನಾನೂ ನೋಡುವ ತನಕ ಬಿಡುವುದಿಲ್ಲ. ಹೋಗುವವರಿಗೆಲ್ಲ ಕೈ ಬೀಸುತ್ತಾನೆ. ದೋಷವಿರುವ ಮಗು ಇಷ್ಟೆಲ್ಲ ಮಾಡುತ್ತದೆಯೇ?

ನೀನು ಹೇಳಿದ ಹಾಗೆ ತಟ್ಟೆಯನ್ನೂ ಬಡಿದೆ. ಎದುರಿಗೆ ಕೂತು ಬೇಳೆ ಆರಿಸುತ್ತಿದ್ದ ಹಜ್ಜಾ ಬೆಚ್ಚಿಬಿದ್ದರು. ಅವನೂ ತಟ್ಟನೆ ತಿರುಗಿ ನನ್ನನ್ನು ನೋಡಿದ. ಇನ್ನೇನು ಬೇಕು? ಮಾತು ಸ್ವಲ್ಪ ತಡ, ಅಷ್ಟೇ. ನಾಲಿಗೆಯ ಅಡಿಯ ನರ ಬಿಗಿದಿದೆ ಎನ್ನುತ್ತಾರೆ ಹಜ್ಜಾ. ಉಪವಾಸದ ತಿಂಗಳಿಗೆ ಮುಂಚೆ ಕ್ಷೌರಿಕ ಜಾದ್‌ನನ್ನು ಕರೆಸಿ ಕೊಯ್ಯಿಸಿದರೆ ಮಾತು ತಾನಾಗಿ ಉದುರುತ್ತದಂತೆ.

ನನಗೆ ಇನ್ನು ಬರೆಯಬೇಡ.

ಉಮ್ ಶಹಾತ


ಪೋರ್ಟ್ ಸಯೀದ್
20 ಫೆಬ್ರವರಿ 1985

ಇನ್ಸಾಫ್,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಒಲೆಗೆ ಹಾಕುವುದಾದರೆ ಮೊದಲಿನ ಹಾಗೆ ಓದಿ ಹಾಕು.

ಡಿಸೆಂಬರಿನಲ್ಲಿ ರೇಡಿಯೋ ಜೊತೆ ಹಾಡಿದವನಿಗೆ ಫೆಬ್ರವರಿಯಲ್ಲಿ ನಾಲಿಗೆ ಕೊಯ್ಯಿಸಬೇಕಾಯಿತೇ? ಕೈಯಲ್ಲಿ ಆಡುವ ಮಾತು ಏಳು ಬರೆದಿದ್ದೀಯ. ಬಾಯಲ್ಲಿ ಆಡುವುದು ಒಂದೂ ಇಲ್ಲ. ತಟ್ಟೆಯ ಸದ್ದಿಗೆ ಅವನು ತಿರುಗಲಿಲ್ಲ ಇನ್ಸಾಫ್. ಎದುರಿಗಿದ್ದ ಹಜ್ಜಾ ಬೆಚ್ಚಿದ್ದನ್ನು ನೋಡಿ, ಹಿಂದೆ ಏನಿದೆ ಎಂದು ತಿರುಗಿದ. ಅಷ್ಟು ಚುರುಕು ಬುದ್ಧಿ ಅವನಿಗಿದೆ.

ನಿನ್ನ ಏಳು ಸನ್ನೆ ಓದಿ ನಾನು ಅತ್ತೆ. ದುಃಖಕ್ಕಲ್ಲ. ಕೊಕ್ಕರೆ ತೋರಿಸಿ ನಿನ್ನ ಮುಖ ನೋಡುವ ಮಗುವಿನ ತಲೆ ಬೆಳಕಿನಂತಿದೆ. ಕಿವಿ ಮಾತ್ರ ಮುಚ್ಚಿದೆ. ಅದಕ್ಕೆ ದಾರಿ ಇದೆ. ಕೈರೋದಲ್ಲಿ ಪುಟ್ಟ ಮಕ್ಕಳ ಕಿವಿ ಪರೀಕ್ಷೆ ಮಾಡುವ ಡಾಕ್ಟರಿದ್ದಾರೆ, ಕಿವಿಗೆ ಹಾಕುವ ಯಂತ್ರವಿದೆ, ಇಂಥ ಮಕ್ಕಳಿಗೆ ಕಲಿಸುವವರೂ ಇದ್ದಾರೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ತಡ ಮಾಡಿದಷ್ಟೂ ಅವನ ಪಾಲಿನ ಮಾತು ಕಮ್ಮಿಯಾಗುತ್ತದೆ. ನಾಲಿಗೆಗೆ ಮಾತ್ರ ಕತ್ತಿ ಮುಟ್ಟಿಸಬೇಡ. ನಂಜಾದರೆ ಅವನೂ ಉಳಿಯುವುದಿಲ್ಲ.

ಇನ್ನು ನನ್ನ ಕಣ್ಣಿನ ವಿಷಯ. ನಿಜ ಹೇಳುತ್ತೇನೆ. ನವ್ವಾರಾಳನ್ನು ಎತ್ತಿಕೊಂಡಾಗ ನನಗೆ ಹೊಟ್ಟೆಕಿಚ್ಚಾಯಿತು. ಇವಳಿಗೆ ಕೊಟ್ಟೆ, ನನಗೆ ಯಾಕೆ ಕೊಡಲಿಲ್ಲ ಎಂದು ದೇವರನ್ನು ಕೇಳಿದೆ. ವಾಪಸು ಬರುವಾಗ ರೈಲಿನ ಕಕ್ಕಸಿನಲ್ಲಿ ನಿಂತು ಅತ್ತೆ. ಅವಳು ತೀರಿಕೊಂಡ ಸುದ್ದಿ ಬಂದ ದಿನ, ನಾನೇ ಕೊಂದೆನೇನೋ ಎಂದು ಕನ್ನಡಿ ನೋಡಲೂ ಹೆದರಿದೆ. ಇಷ್ಟು ಓದಿದ ನಾನು! ಆದ್ದರಿಂದ ನೀನು ಹೆದರಿದರೆ ನಾನು ಬೇಡ ಅನ್ನುವುದಿಲ್ಲ. ಮಗುವನ್ನು ಕೈರೋಗೆ ಕರೆದುಕೊಂಡು ಬಾ. ನಾನು ಅವನ ಮುಖ ನೋಡುವುದಿಲ್ಲ. ಡಾಕ್ಟರ ಕೋಣೆಯ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿರುತ್ತೇನೆ. ಚೀಟಿ ಮಾಡಿಸುವುದಕ್ಕೆ ಮಾತ್ರ ನನ್ನನ್ನು ಇಟ್ಟುಕೋ.

ರೌಹಿಯಾ


ಪೋರ್ಟ್ ಸಯೀದ್
14 ಏಪ್ರಿಲ್ 1985

ಉತ್ತರವಿಲ್ಲ. ಹೊಲದ ಬೆದರುಬೊಂಬೆಯಾದರೂ ಇಷ್ಟು ದಿನಕ್ಕೆ ಒಂದು ಮಾತು ಆಡುತ್ತಿತ್ತು. ನಾಲಿಗೆಗೆ ಏನೂ ಮಾಡಿಲ್ಲ ತಾನೇ? ಅಷ್ಟು ಬರೆ ಸಾಕು.

ರೌ.


ನಗ್ ಹಲ್ಫಾಯ
9 ಮೇ 1985

ಅಕ್ಕಾ,

ಹೋದ ಗುರುವಾರ ಜಾದ್ ಬಂದಿದ್ದ. ಹಜ್ಜಾ ನೀರು ಕುದಿಸಿಟ್ಟಿದ್ದರು, ಅರಿಶಿನ ಅರೆದಿಟ್ಟಿದ್ದರು. ಬಸ್ತಾವಿ ಅಂಗಳದಲ್ಲಿ ನಿಂತು ಸಿಗರೇಟಿನ ಮೇಲೆ ಸಿಗರೇಟು ಸೇದುತ್ತಿದ್ದರು. ನಾನು ಸುಮ್ಮನೆ ಒಪ್ಪಿಕೊಂಡಿದ್ದೆ. ನಾಲಿಗೆಯದೇ ತೊಂದರೆಯಾಗಿರಲಿ ದೇವರೇ ಎಂದು ಬೇಡಿಕೊಂಡಿದ್ದೆ ಕೂಡ. ನಾಲಿಗೆಯಾದರೆ ಒಂದು ಗಾಯಕ್ಕೆ ಮುಗಿಯುತ್ತದಲ್ಲ.

ಜಾದ್ ಚಾಪೆಯ ಮೇಲೆ ಕೂತು ಕತ್ತಿ ಮಸೆದ. "ಬಾರೋ ಮರಿ" ಅಂದ. ಶಹಾತ ನೋಡಲಿಲ್ಲ. ಜಾದ್ ಕೈ ಮಾಡಿ ಕರೆದ. ಓಡಿ ಹೋಗಿ ಎದುರಿಗೆ ನಿಂತ. "ಆ ಅನ್ನು" ಎಂದು ಜಾದ್ ತಾನೇ ಬಾಯಿ ತೆರೆದು ತೋರಿಸಿದ. ನನ್ನ ಮಗ ನಗುತ್ತಾ ಅವನಿಗಿಂತ ದೊಡ್ಡದಾಗಿ ಬಾಯಿ ತೆರೆದ. ಆಟ ಎಂದುಕೊಂಡಿದ್ದ ಅಕ್ಕ. ಕತ್ತಿಯ ಎದುರಿಗೆ ಬಾಯಿ ತೆರೆದುಕೊಂಡು ನನ್ನ ಕಡೆ ನೋಡಿದ, ನೋಡಮ್ಮಾ ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆ ಅನ್ನುವ ಹಾಗೆ. "ಎಷ್ಟ್ ಒಳ್ಳೆ ಹುಡ್ಗ, ಹಿಡ್ಕೊಳ್ಳೋದೂ ಬೇಡ" ಅಂದ ಜಾದ್.

ಹೋಗಿ ಕಿತ್ತುಕೊಂಡೆ. ಹೇಗೆ ಎದ್ದೆ ಎನ್ನುವುದು ನನಗೇ ಗೊತ್ತಿಲ್ಲ. "ನಾಲ್ಗೆ ಅಲ್ಲ ಕಣ್ರೋ! ಇವನಿಗೆ ಕಿವಿ ಕೇಳ್ಸಲ್ಲ! ನನ್ ಮಗ ಕಿವುಡ!" ಎಂದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತರು. ಹಜ್ಜಾ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು, "ಬಾಯ್ಮುಚ್ಚೇ, ಅಕ್ಕಪಕ್ಕದೋರು ಕೇಳಿಸ್ಕೋತಾರೆ" ಅಂದರು. "ಕೇಳಿಸ್ಕೊಳ್ಳಿ ಅತ್ತೆ, ಕೇಳೋರಾದ್ರೂ ಕೇಳಿಸ್ಕೊಳ್ಳಿ" ಅಂದೆ. ಇಷ್ಟು ಗಲಾಟೆ ನಡೆಯುತ್ತಿದ್ದರೆ ಅವನು ನನ್ನ ಸೊಂಟದ ಮೇಲೆ ಕೂತು ನನ್ನ ಗಂಟಲಿನ ಮೇಲೆ ಅಂಗೈ ಒತ್ತಿಕೊಂಡಿದ್ದ. ನಾನು ಕೂಗುವುದು ನಿಲ್ಲಿಸಿದರೆ ಗಂಟಲು ತಟ್ಟುತ್ತಿದ್ದ, ಇನ್ನೊಂದು ಸಲ ಮಾಡು ಎಂದು.

ಈಗ ನಿನಗೆ ಹೇಳಲೇಬೇಕಾದ ಮಾತು. ನಿನಗಿಂತ ಮೊದಲೇ ನನಗೆ ಗೊತ್ತಿತ್ತು. ಆ ಏಳನೆಯ ದಿನ ನೀನು ಗಂಡೆದೆ ಎಂದು ನಕ್ಕೆಯಲ್ಲ, ನಗು ಮುಗಿದ ಮೇಲೆ ಮಗುವನ್ನೇ ದಿಟ್ಟಿಸಿದೆ. ನಿನಗೆ ನೆನಪಿರಲಿಕ್ಕಿಲ್ಲ. ನಾನು ನೋಡಿದೆ. ಕುಟ್ಟಾಣಿಗೆ ಅವನು ಬೆಚ್ಚದಿದ್ದುದನ್ನು ನಾನೂ ಕಂಡಿದ್ದೆ. ಇನ್ನು ಎರಡು ದಿನ ಇಲ್ಲಿದ್ದರೆ ಇವಳು ಹೇಳಿಬಿಡುತ್ತಾಳೆ, ಇವಳು ಹೇಳಿದರೆ ನಿಜವಾಗಿಬಿಡುತ್ತದೆ ಎನ್ನಿಸಿತು. ಅದಕ್ಕೇ ನಿನ್ನನ್ನು ಗಾಡಿ ಹತ್ತಿಸಿದ್ದು. ದೃಷ್ಟಿಯ ಮಾತು ಹಜ್ಜಾ ಆಡಿದರು, ನಾನು ಅದರ ಹಿಂದೆ ಅವಿತುಕೊಂಡೆ. ಮೇ ತಿಂಗಳಲ್ಲಿ ನಿಜ ಬರೆದದ್ದು, ನೀನೇ ಕಂಡುಹಿಡಿಯಲಿ ಎಂದು ಇರಬೇಕು. ನೀನು ನಕ್ಕಾಗ ಬದುಕಿದೆ ಅನ್ನಿಸಿತು, ನಿನ್ನ ಮೇಲೆ ಸಿಟ್ಟೂ ಬಂತು.

ನವ್ವಾರಾಳದ್ದೂ ಅಷ್ಟೇ. ಆ ವಾರ ಪಂಪು ಕೆಟ್ಟಿತ್ತು. ಕಾಲುವೆಯ ನೀರನ್ನು ಸಕ್ಕರೆ ಹಾಕಿ ಅವಳಿಗೆ ಕುಡಿಸಿದವಳು ನಾನು. ಯಾರಿಗೂ ಹೇಳಿಲ್ಲ. ನಿನ್ನ ಕಣ್ಣು ತಾಗಿತು ಎಂದುಕೊಂಡರೆ ನನಗೆ ನಿದ್ದೆ ಬರುತ್ತಿತ್ತು, ಅಕ್ಕ. ನಾಲ್ಕು ವರ್ಷ ನಿನ್ನ ತಲೆಯ ಮೇಲೆ ಹೊರಿಸಿ ನಾನು ನಿದ್ದೆ ಮಾಡಿದೆ. ನಾನೇ ಕೊಂದೆನೇನೋ ಎಂದು ಹೆದರಿದ್ದೆ ಎಂದು ಬರೆದಿದ್ದೀಯ, ಆ ಸಾಲನ್ನು ಓದಿದ ಮೇಲೆ ಎರಡು ತಿಂಗಳು ನನಗೆ ಲೇಖನಿ ಹಿಡಿಯಲು ಮುಖವಿರಲಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ.

ಮುಂದಿನ ಬುಧವಾರ ಹೊರಡುತ್ತೇವೆ, ಗುರುವಾರ ಬೆಳಗ್ಗೆ ಕೈರೋ, ಸ್ಟೇಷನ್ನಿಗೆ ಬಾ. ಬಸ್ತಾವಿ ರಜೆ ಕೇಳಿದ್ದಾರೆ, ಸಿಗದಿದ್ದರೆ ನಾವಿಬ್ಬರೇ ಬರುತ್ತೇವೆ. ಹರಕೆ ತೀರಿಸಲು ಎಂದು ಹಜ್ಜಾಗೆ ಹೇಳಿದ್ದೇನೆ. ನಂಬಿದಂತೆ ನಟಿಸಿ, ದಾರಿಗೆ ರೊಟ್ಟಿ ಸುಡುತ್ತಿದ್ದಾರೆ.

ಡಾಕ್ಟರ ಕೋಣೆಯ ಹೊರಗೆ ಗೋಡೆ ನೋಡಿಕೊಂಡು ನಿಂತಿರುತ್ತೇನೆ ಎಂದಿದ್ದೀಯ. ಬೇಡ. ಹೊರಗೆ ನಿಲ್ಲುವವಳು ನಾನು. ಆ ಬಾಗಿಲು ದಾಟುವ ಧೈರ್ಯ ನನಗಿಲ್ಲ. ನೀನು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಳಗಿರು. ಅವನು ಏನು ಮಾಡುತ್ತಾನೆ, ಏನು ಮಾಡುವುದಿಲ್ಲ, ಎಲ್ಲ ನೋಡು. ಡಾಕ್ಟರು ಹೇಳುವುದನ್ನು ನೀನೇ ಮೊದಲು ಕೇಳಿಸಿಕೋ. ಆಮೇಲೆ ಹೊರಗೆ ಬಂದು, ಒಂದನ್ನೂ ಮುಚ್ಚಿಡದೆ ನನಗೆ ಹೇಳು. ನಿನ್ನ ಬಾಯಿಂದ ಬಂದರೆ ನಾನು ತಡೆದುಕೊಳ್ಳುತ್ತೇನೆ.

ನಿನ್ನ ತಂಗಿ
ಇನ್ಸಾಫ್